ಶರಾವತಿಯ ಕರೆಂಟಿಗೊಂದು ಬಹಿರಂಗ ಪತ್ರ

ಶ್ರೀಮಾನ್ ಶರಾವತಿ ಕರೆಂಟಿಗೆ, ಹಿನ್ನೀರಿನ ಆಚೆಯ ತುಮರಿ ಕಡೆಯವನ ನಮಸ್ಕಾರಗಳು. ಈ ಕಡೆ ನಾವು ಕ್ಷೇಮ. ನಿನ್ನ ಕ್ಷೇಮಕ್ಕೆ ಕಾಗದ ಬರೆದು ಕೇಳಬೇಕಿಲ್ಲ, ನೀನು ಅರೆಗಳಿಗೆ ಕಣ್ಮರೆಯಾದರೆ ಬೆಂಗಳೂರೇ ಬೊಬ್ಬೆ ಹೊಡೆಯುತ್ತದೆ.

ನೀನೂ ನಾವೂ ಒಂದೇ ಕಟ್ಟೆಯ ಫಲ. 1964ರಲ್ಲಿ ಲಿಂಗನಮಕ್ಕಿಯಲ್ಲಿ ಶರಾವತಿ ಹೊಳೆಗೆ ಅಡ್ಡ ಕಟ್ಟಿದಾಗ ನಿನ್ನ ಭಾಗ್ಯ ತೆರೆಯಿತು, ನಮ್ಮ ಗದ್ದೆ-ತೋಟ ಮುಳುಗಿತು. ಉಳಿದ ಗುಡ್ಡಗಳ ಮೇಲೆ ಕರೂರು, ಬಾರಂಗಿ ಹೋಬಳಿಯವರು ಮೂರು ಕಡೆ ನೀರು ನೋಡಿಕೊಂಡು ಕೂತೆವು. ನಿನಗೋ ಸರ್ಕಾರವೇ ಕಾಡು ಸವರಿ, ಘಟ್ಟದ ಮೇಲೆ ಗೋಪುರ ನಿಲ್ಲಿಸಿ, ತಂತಿ ಎಳೆದು ರಾಜಮಾರ್ಗ ಮಾಡಿಕೊಟ್ಟಿತು. ನಿನ್ನದು ಹತ್ತು ಯಂತ್ರ, 1035 ಮೆಗಾವಾಟ್. ಒಂದು ದಿನವಾದರೂ ನೀನು ಲಾಂಚಿಗೆ ಕಾದಿದ್ದುಂಟೆ?

ಲಾಂಚ್ ಅಂದರೇನೆಂದು ನಿನಗೆ ಹೇಳಬೇಕು: ಬಸ್ಸನ್ನೂ ಹೊತ್ತು ಹಿನ್ನೀರು ದಾಟಿಸುತ್ತಿದ್ದ ದೋಣಿ. ಹೊಳೆಬಾಗಿಲಿನಲ್ಲಿ ಬಸ್ಸು ರಿವರ್ಸಿನಲ್ಲಿ ಅದರ ಹಲಗೆ ಹತ್ತುತ್ತಿತ್ತು. ಕಂಡಕ್ಟರು ‘ಬರ್ಲಿ, ಬರ್ಲಿ, ಸಾಕ್’ ಎಂದು ಬಸ್ಸಿನ ಮೈಗೆ ಬಡಿಯುತ್ತಿದ್ದ. ಬಸ್ಸಿನ ಪಕ್ಕ ಬೈಕು, ಅಡಿಕೆ ಮೂಟೆ, ಮದುವೆ ದಿಬ್ಬಣ, ಸಾಗರದ ಆಸ್ಪತ್ರೆಗೆ ಹೊರಟ ಅಜ್ಜಿ. ಬೇಸಿಗೆಯಲ್ಲಿ ನೀರಿಳಿದರೆ ವಾಹನಕ್ಕೆ ಅಪ್ಪಣೆಯಿರಲಿಲ್ಲ, ಜನ ಮಾತ್ರ. ಸಂಜೆಯ ಕಡೇ ಲಾಂಚ್ ಹೋಯಿತೋ, ಲೋಕ ಬಾಗಿಲು ಹಾಕಿಕೊಂಡಿತು. ಹೆರಿಗೆ ನೋವಿಗಾಗಲಿ ಹಾವಿಗಾಗಲಿ ಆ ವೇಳಾಪಟ್ಟಿ ಗೊತ್ತಿರಲಿಲ್ಲ. ಆಮೇಲೆ ಹೊಸನಗರ ಸುತ್ತಿ ಹೋಗು, ಇಲ್ಲವೇ ಹರಕೆ ಹೊತ್ತುಕೋ.

ನಮ್ಮ ಕತೆಯೂ ನಮಗಿಂತ ಮೊದಲೇ ದಡ ಸೇರಿತು ನೋಡು. ನಾ. ಡಿಸೋಜರು ಮುಳುಗಡೆಯವರ ಮೇಲೆ ಕಾದಂಬರಿ ಬರೆದರು, ಗಿರೀಶ ಕಾಸರವಳ್ಳಿ ಅವರ ‘ದ್ವೀಪ’ ಕಾದಂಬರಿಯನ್ನು ಸಿನಿಮಾ ಮಾಡಿದರು, ಅದು ರಾಷ್ಟ್ರಪ್ರಶಸ್ತಿಯನ್ನೂ ತಂದಿತು. 2019ರಲ್ಲಿ ನಮ್ಮ ನೀರನ್ನೂ ಬೆಂಗಳೂರಿಗೆ ಒಯ್ಯುವ ಯೋಜನೆ ಕೇಳಿಬಂತು. ಜಿಲ್ಲೆಯವರು ಬಂದ್ ಮಾಡಿದರು. ಇಲ್ಲದಿದ್ದರೆ ನೀರೂ ನಮಗಿಂತ ಮುಂದೆ ಹೋಗಿಬಿಡುತ್ತಿತ್ತು.

ಅಂತೂ 2025ರ ಜುಲೈ 14ರಂದು ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಸೇತುವೆ ತೆರೆಯಿತು. ಎರಡು ಕಿಲೋಮೀಟರಿಗೂ ಹೆಚ್ಚು ಉದ್ದ, ನಡುಭಾಗ ಕೇಬಲ್ಲಿನಲ್ಲಿ ತೂಗುಹಾಕಿದ್ದು, ಚಂದವಿದೆ, ಸುಳ್ಳು ಹೇಳಬಾರದು. ನಮ್ಮ ಅರ್ಜಿಗಳಿಗಿಂತ ಸಿಗಂದೂರು ದೇವಸ್ಥಾನಕ್ಕೆ ಬರುವ ಕಾರುಗಳೇ ಹೆಚ್ಚು ತೂಗಿದವೆಂದು ನನ್ನ ಗುಮಾನಿ (ಅಲ್ಲಿನ ದೇವಿ ಚೌಡಮ್ಮ ಕ್ಷಮಿಸಲಿ). ಈಗ ಆ ಕಾರಿನವರು ನಡುಸೇತುವೆಯಲ್ಲಿ ಕಾರು ನಿಲ್ಲಿಸಿ ಸೆಲ್ಫಿ ತೆಗೆದುಕೊಳ್ಳುತ್ತಾರೆ, ನಾವು ಹಾರ್ನ್ ಹಾಕುತ್ತೇವೆ. ನಮಗೂ ಹಾರ್ನ್ ಹಾಕುವಷ್ಟು ಅವಸರ ಬಂದಿದೆಯಲ್ಲ!

ಸೇತುವೆ ಬಂತು, ಆದರೆ ಮುಳುಗಡೆಯಿಂದ ಊರು ಬಿಟ್ಟು ಹೋದವರಲ್ಲಿ ಎಷ್ಟೋ ಮಂದಿಗೆ ಕೊಟ್ಟ ಜಾಗದ ಹಕ್ಕುಪತ್ರ ಮಾತ್ರ ಇನ್ನೂ ಬಂದಿಲ್ಲ. ಅದು ಯಾವ ಹೊಳೆಯ ಯಾವ ದಡದಲ್ಲಿ ಕೂತಿದೆಯೋ, ನಿನ್ನ ತಂತಿಗಳು ರಾಜಧಾನಿವರೆಗೂ ಹೋಗುತ್ತವಲ್ಲ, ಸ್ವಲ್ಪ ವಿಚಾರಿಸು.

ಇನ್ನೊಂದು ಮಾತು. ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದರೆ ನಮ್ಮಲ್ಲಿ ನೀನು ವಾರಗಟ್ಟಲೆ ನಾಪತ್ತೆ. ಇಷ್ಟು ದಿನ ನಿನ್ನ ಕಡೆಯವರು ‘ಲಾಂಚ್ ತಪ್ಪಿತು’ ಎನ್ನುತ್ತಿದ್ದರು. ಸೇತುವೆಯಾಯಿತಲ್ಲ, ಈ ಸಲಕ್ಕೆ ಬೇರೆ ನೆಪ ಹುಡುಕಿಟ್ಟುಕೊಳ್ಳಲು ಅವರಿಗೆ ಹೇಳು.

ಇಂತಿ,
ಹಿನ್ನೀರಿನ ಆಚೆಯವನು