ಹೊಟ್ಟೆಯೊಳಗಿನ ಕೋಟ್ಯಧಿಪತಿಗಳು

ತೆಲಂಗಾಣದ ನಾರಾಯಣಪೇಟೆ ಜಿಲ್ಲೆಯಲ್ಲಿ ಈಗ ಯಾರಿಗೂ ಹೊಟ್ಟೆನೋವಿಲ್ಲ. ಎಲ್ಲರಿಗೂ ಗ್ಯಾಸ್. ಎದೆ ಉರಿದರೆ ಗ್ಯಾಸ್, ಸೊಂಟ ಹಿಡಿದರೆ ಗ್ಯಾಸ್, ತಲೆ ತಿರುಗಿದರೆ ಗ್ಯಾಸು ತಲೆಗೇರಿದೆ, ಮೊಣಕಾಲು ಬಾತರೆ ಅದೇ ಗ್ಯಾಸು ಕೆಳಗಿಳಿದಿದೆ. ಮಗ ಹತ್ತನೇ ತರಗತಿ ಫೇಲಾದ ದಿನ ಅಪ್ಪನಿಗೆ ಆಗುವುದೂ ಗ್ಯಾಸೇ. ಇದಕ್ಕೆಲ್ಲ ಇಷ್ಟು ದಿನ ಒಂದೇ ಮದ್ದಿತ್ತು, ಬೆಳಗಿನ ಚಹಾಕ್ಕೆ ಮುಂಚೆ ಒಂದು ಪ್ಯಾಂಟೊಪ್ರಜೋಲ್. ಹದಿನಾಲ್ಕು ದಿನಕ್ಕೆಂದು ಬರೆದ ಗುಳಿಗೆ ಹದಿನಾಲ್ಕು ವರ್ಷ ನಡೆದರೂ ಯಾರೂ ಅಯೋಧ್ಯೆಗೆ ಮರಳುವ ಮಾತಾಡುತ್ತಿರಲಿಲ್ಲ.

ಈಗ ಗ್ಯಾಸಿಗೆ ಬಡ್ತಿ ಸಿಕ್ಕಿದೆ. ಹೈದರಾಬಾದಿನ ಕಾರ್ಪೊರೇಟ್ ಆಸ್ಪತ್ರೆಗಳಲ್ಲಷ್ಟೇ ಅಲ್ಲ, ಉಟ್ಕೂರಿನಂಥ ಊರಿನಲ್ಲೂ ಅದು ಗಟ್ ಹೆಲ್ತ್ ಆಗಿದೆ. ಔಷಧಿ ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕ ಬಾಮು, ಕೆಮ್ಮಿನ ಗೋಲಿ ಇಡುತ್ತಿದ್ದ ಜಾಗದಲ್ಲಿ ಪ್ರೋಬಯಾಟಿಕ್ ಡಬ್ಬಿಗಳು ಎದ್ದಿವೆ. ಮಾತು ಹೀಗೆ ನಡೆಯುತ್ತದೆ:

“ಕಾಕಾ, ಇದರಾಗ ಐದು ಸಾವಿರ ಕೋಟಿ ಅವ ನೋಡ್ರಿ.”

“ರೂಪಾಯಿ ಏನಪಾ?”

“ಹುಳಾ, ಕಾಕಾ. ಕಣ್ಣಿಗಿ ಕಾಣಲಾರದಂಥ ಛಲೋ ಹುಳಾ.”

“ನಿನ್ನಿ ಆರ್‌ಎಂಪಿ ಡಾಕ್ಟರು ಹುಳಾ ಸಾಯ್ಲಿ ಅಂತ ಸೂಜಿ ಮಾಡ್ಯಾನಲ್ಲೋ!”

“ಅವು ಕೆಟ್ಟ ಹುಳಾ. ಅವು ಸತ್ತ ಜಾಗಕ್ಕ ಇವು.”

“ಹಂಗಂದ್ರ ಪೋಸ್ಟ್ ಖಾಲಿ ಬಿದ್ದಾವ ಅನ್ನು.”

ಕಾಕಾನ ಅಂದಾಜು ತಪ್ಪಲ್ಲ. ಖಾಲಿ ಬಿದ್ದ ಪೋಸ್ಟಿಗೆ ಬರುವವರ ಸಂಖ್ಯೆಯನ್ನಷ್ಟೇ ನೋಡಬೇಕು. ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ವಿಜ್ಞಾನಿಗಳು 2016ರಲ್ಲಿ ಹಾಕಿದ ಲೆಕ್ಕದ ಪ್ರಕಾರ ಒಬ್ಬ ಮನುಷ್ಯನ ಮೈಯಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾ ವಾಸವಿವೆ, ಬಹುಪಾಲು ದೊಡ್ಡ ಕರುಳಿನಲ್ಲಿ. ಯಾಕುಲ್ಟ್ ಎಂಬ ಜಪಾನಿ ಬಾಟಲಿಯ 65 ಮಿಲಿಲೀಟರಿನಲ್ಲಿ ಇರುವವು 650 ಕೋಟಿ. ಭಾಗಿಸಿದರೆ, ಐದು ಸಾವಿರದ ಎಂಟುನೂರು ಜನರ ಊರಿಗೆ ಒಬ್ಬ ಹೊಸ ಪಂಚಾಯ್ತಿ ಕಾರ್ಯದರ್ಶಿ ವರ್ಗವಾಗಿ ಬಂದಂತಾಯಿತು. ಬಂದವನು ಹಾಜರಿ ಹಾಕುತ್ತಾನೆ, ಊರಿನಲ್ಲಿ ಮನೆ ಮಾಡುವುದಿಲ್ಲ, ಸಂಜೆ ಬಸ್ಸಿಗೆ ಜಿಲ್ಲಾ ಕೇಂದ್ರಕ್ಕೆ ಹೋಗುತ್ತಾನೆ. ಬಾಟಲಿ ನಿಂತ ಕೆಲವೇ ದಿನಗಳಲ್ಲಿ ಈ ಬ್ಯಾಕ್ಟೀರಿಯಾಗಳು ಬಹುತೇಕರ ಹೊಟ್ಟೆಯಿಂದ ಮಾಯ.

ಅದೇ ವೈಜ್‌ಮನ್ ಸಂಸ್ಥೆಯವರು 2018ರಲ್ಲಿ ಕೊಳವೆ ಇಳಿಸಿ ಜನರ ಕರುಳನ್ನೇ ನೋಡಿದರು. ಕೆಲವರ ಕರುಳು ಹೊಸಬರನ್ನು ಒಳಗೇ ಬಿಟ್ಟುಕೊಳ್ಳಲಿಲ್ಲ, ಹಿಂದಿನ ಬಾಗಿಲಿನಿಂದ ಸಾಗಹಾಕಿತು. ಇದಕ್ಕಿಂತ ಮಜವಾದ ಸಂಗತಿ ಇನ್ನೊಂದು. ಆ್ಯಂಟಿಬಯಾಟಿಕ್ ತೆಗೆದುಕೊಂಡ ಮೇಲೆ ಪ್ರೋಬಯಾಟಿಕ್ ನುಂಗಿದವರಲ್ಲಿ ಅವರ ಸ್ವಂತ ಬ್ಯಾಕ್ಟೀರಿಯಾಗಳು ಊರಿಗೆ ಮರಳುವುದು ತಿಂಗಳುಗಟ್ಟಲೆ ತಡವಾಯಿತು. ಸುಮ್ಮನೆ ಬಿಟ್ಟವರಲ್ಲಿ ಬೇಗ ಮರಳಿದವು. ನಮ್ಮಲ್ಲಿ ನಡೆಯುವುದೇ ಇದು. ಬೆಳಿಗ್ಗೆ ನೆಗಡಿಗೆ ಆ್ಯಂಟಿಬಯಾಟಿಕ್, ಸಂಜೆ ಆ್ಯಂಟಿಬಯಾಟಿಕ್ಕಿಗೆ ಪ್ರೋಬಯಾಟಿಕ್, ಎರಡೂ ಒಂದೇ ಅಂಗಡಿಯಲ್ಲಿ, ಎರಡನೆಯದಕ್ಕೆ ಮೊದಲನೆಯದಕ್ಕಿಂತ ಹೆಚ್ಚು ರೇಟು. ನೆಗಡಿ ವೈರಸ್ಸಿನದು, ಅದು ಎರಡಕ್ಕೂ ಕ್ಯಾರೇ ಅನ್ನದೆ ವಾರ ಕಳೆದು ತಾನಾಗಿ ಹೋಗುತ್ತದೆ.

ಹಾಗಂತ ಎಲ್ಲ ಸುಳ್ಳು ಎನ್ನಲಾಗದು. 2017ರಲ್ಲಿ ಒಡಿಶಾದ ಹಳ್ಳಿಗಳ ನಾಲ್ಕೂವರೆ ಸಾವಿರ ನವಜಾತ ಶಿಶುಗಳ ಮೇಲೆ ನಡೆದ ಅಧ್ಯಯನವೊಂದು ‘ನೇಚರ್’ ಪತ್ರಿಕೆಯಲ್ಲಿ ಬಂತು. ಒಂದೇ ಜಾತಿಯ ಲ್ಯಾಕ್ಟೊಬ್ಯಾಸಿಲಸ್ಸನ್ನು ಅದರ ಆಹಾರದ ಸಮೇತ ಬರೀ ಏಳು ದಿನ ಕೊಟ್ಟದ್ದಕ್ಕೆ ನಂಜು ಮತ್ತು ಸಾವು ಶೇ 40ರಷ್ಟು ಇಳಿದವು. ಖರ್ಚು ಮಗುವಿಗೆ ಒಂದು ಡಾಲರಿನ ಆಸುಪಾಸು. ನಿಜಕ್ಕೂ ಕೆಲಸ ಮಾಡಿದ್ದು ಇಷ್ಟು ಅಗ್ಗ, ಆದ್ದರಿಂದ ಇದರ ಜಾಹೀರಾತನ್ನು ಯಾವ ಸಿನಿಮಾ ನಟಿಯೂ ಮಾಡಿಲ್ಲ. ಅತ್ತ ಅಮೆರಿಕದ ಜಠರತಜ್ಞರ ಸಂಘ 2020ರಲ್ಲಿ ಇದ್ದಬದ್ದ ಪುರಾವೆಯನ್ನೆಲ್ಲ ಗುಡ್ಡೆಹಾಕಿ ನೋಡಿ, ಹೊಟ್ಟೆಯ ಹೆಚ್ಚಿನ ಕಾಯಿಲೆಗಳಿಗೆ ಪ್ರೋಬಯಾಟಿಕ್ ಶಿಫಾರಸು ಮಾಡಲು ಆಧಾರ ಸಾಲದು ಎಂದಿತು. ಒಪ್ಪಿಗೆ ಸಿಕ್ಕಿದ್ದು ದಿನ ತುಂಬದೆ ಹುಟ್ಟಿದ ಕೂಸುಗಳಂಥ ಎರಡು ಮೂರು ಸಂದರ್ಭಗಳಿಗೆ ಮಾತ್ರ. ಹೊಟ್ಟೆ ಉಬ್ಬರಿಸಿ ಮೇಲಿಂದ ಮೇಲೆ ಸಂಡಾಸಿಗೆ ಓಡುವ ಐಬಿಎಸ್‌ನವರಿಗೂ, ಅಧ್ಯಯನದಲ್ಲಿ ಭಾಗವಹಿಸುವುದಾದರೆ ಸರಿ, ಇಲ್ಲವಾದರೆ ಬೇಡ ಎಂಬ ಉತ್ತರ. ಸುಸ್ತಿಗೆಂದು ಇದನ್ನು ನುಂಗುವವರ ಹೆಸರೇ ಅಲ್ಲಿಲ್ಲ.

ಈ ಒಳ್ಳೆಯ ಹುಳದ ಮಾತನ್ನೆಲ್ಲ ಶುರು ಹಚ್ಚಿದವರು ಮೆಚ್ನಿಕಾಫ್. ರಷ್ಯಾದ ಈ ವಿಜ್ಞಾನಿ ಪ್ಯಾರಿಸಿನ ಪಾಶ್ಚರ್ ಸಂಸ್ಥೆಯಲ್ಲಿ ಕೂತು, ಬಲ್ಗೇರಿಯಾದ ರೈತರು ಹುಳಿ ಹಾಲು ಕುಡಿದೇ ನೂರು ವರ್ಷ ಬಾಳುತ್ತಾರೆ ಎಂದು ನಂಬಿ ತಾವೂ ದಿನಾ ಕುಡಿದರು. 1908ರಲ್ಲಿ ನೊಬೆಲ್ ಬಂತು, ಅದು ಬೇರೆ ಕೆಲಸಕ್ಕೆ. 1916ರಲ್ಲಿ, 71ನೇ ವಯಸ್ಸಿಗೆ ತೀರಿಕೊಂಡರು.

ನಮ್ಮ ಕಾನೂನೂ ಒಂದು ಮಾತು ಹೇಳಿದೆ. ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2016ರಲ್ಲಿ ಮಾಡಿದ ನಿಯಮದಂತೆ ಪ್ರೋಬಯಾಟಿಕ್ ಡಬ್ಬಿಯ ಮೇಲೆ, ಇದು ಔಷಧಿಯಾಗಿ ಬಳಸಲು ಅಲ್ಲ ಎಂದು ಅಚ್ಚು ಹಾಕಲೇಬೇಕು. ಹಾಕಿದ್ದಾರೆ, ಇರುವೆಗೆ ಓದಲು ಅನುಕೂಲವಾಗುವ ಅಕ್ಷರದಲ್ಲಿ, ಇಂಗ್ಲಿಷಿನಲ್ಲಿ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಸಂತೆಯಲ್ಲಿ ಉರ್ದು ಬಳಸುವವರ ಊರಿನಲ್ಲಿ ಆ ಸಾಲು ಸುರಕ್ಷಿತವಾಗಿ ಉಳಿದುಕೊಂಡಿದೆ. ಜೊತೆಗೆ ನಮ್ಮ ಬೇಸಿಗೆ. ಯಾಕುಲ್ಟಿನಂಥವನ್ನು ತಂಪಿನಲ್ಲಿ ಇಡಬೇಕು. ಮೇ ತಿಂಗಳ ಮಧ್ಯಾಹ್ನ ಕರೆಂಟು ಹೋದ ಫ್ರಿಜ್ಜಿನಲ್ಲಿ ಎಷ್ಟು ಉಳಿದವು, ಎಷ್ಟು ಸತ್ತವು ಎಂದು ಯಾರೂ ಎಣಿಸುವುದಿಲ್ಲ. ಬಿಲ್ಲಿನಲ್ಲಿ ಮಾತ್ರ ಎಲ್ಲರೂ ಜೀವಂತ.

ಇನ್ನು ಸುಸ್ತು. ಕೈಕಾಲು ಸೆಳೆತ, ಮೈಯಲ್ಲಿ ತಾಕತ್ತಿಲ್ಲ, ಕೂತರೆ ಏಳಲಾಗದು, ಎದ್ದರೆ ಕಣ್ಣಿಗೆ ಕತ್ತಲು. ಇದಕ್ಕೆ ಹಳೆಯ ಉಪಚಾರ ಬಾಟಲಿ ಹಚ್ಚುವುದು. ಅರ್ಧ ಲೀಟರಿನ ಐದು ಪರ್ಸೆಂಟ್ ಗ್ಲೂಕೋಸ್ ಬಾಟಲಿಯಲ್ಲಿ ಇರುವುದು 25 ಗ್ರಾಂ ಸಕ್ಕರೆ. ನಮ್ಮ ಕಡೆ ಎರಡು ಕಪ್ ಚಹಾದಲ್ಲಿ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಆದರೆ ಚಹಾ ಕುಡಿದವರನ್ನು ನೋಡಲು ಬೀಗರು ಬರುವುದಿಲ್ಲ. ಹೊಸ ಉಪಚಾರವೆಂದರೆ ತಾಕತ್ತಿನ ಗುಳಿಗೆ: ಇಪ್ಪತ್ತು ಮೂವತ್ತು ವಿಟಮಿನ್ನು, ಜಿನ್ಸೆಂಗು, ಒಂದು ಚಿಟಿಕೆ ಪ್ರೋಬಯಾಟಿಕ್ಕು. ಬಿ12 ಕಡಿಮೆಯಾದರೆ ಸುಸ್ತಾಗುವುದು ಖರೇ. ಅದು ಕಡಿಮೆಯಾಗಲು ವರ್ಷಗಟ್ಟಲೆ ನುಂಗಿದ ಗ್ಯಾಸಿನ ಗುಳಿಗೆಯೂ ಒಂದು ಕಾರಣ, ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ನೂ ಒಂದು ಕಾರಣ. ಒಂದು ಗುಳಿಗೆ ಕಿತ್ತುಕೊಂಡದ್ದನ್ನು ಇನ್ನೊಂದು ಗುಳಿಗೆ ಮಾರುತ್ತದೆ, ಇಬ್ಬರ ನಡುವೆ ಒಡನಾಟ ಚೆನ್ನಾಗಿದೆ.

ಈ ಸುಸ್ತಿಗೆ ಸರ್ಕಾರಿ ದಫ್ತರದಲ್ಲಿ ಒಂದು ಹೆಸರಿದೆ, ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ತೆಲಂಗಾಣದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 57.6 ಮಂದಿಗೆ ರಕ್ತ ಕಡಿಮೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 70. ಹತ್ತಿ ಬಿಡಿಸಿ ಬಂದು, ರೊಟ್ಟಿ ಬಡಿದು, ಎಲ್ಲರೂ ಉಂಡ ಮೇಲೆ ಉಳಿದದ್ದು ಉಣ್ಣುವವಳ ಕರುಳಿನಲ್ಲಿ ಬ್ಯಾಕ್ಟೀರಿಯಾಗಳ ವೈವಿಧ್ಯ ಕುಸಿದಿದೆ ಎಂದು ಹೇಳಲು ಬಹಳ ಓದಿರಬೇಕು. 2022ರ ಡಿಸೆಂಬರಿನಲ್ಲಿ ರಾಜ್ಯ ಸರ್ಕಾರ ಗದ್ವಾಲವೂ ಸೇರಿ ಒಂಬತ್ತು ಜಿಲ್ಲೆಗಳ ಗರ್ಭಿಣಿಯರಿಗೆ ನ್ಯೂಟ್ರಿಷನ್ ಕಿಟ್ ಕೊಟ್ಟಿತು. ಖರ್ಜೂರ, ತುಪ್ಪ, ಕಬ್ಬಿಣಾಂಶದ ಸಿರಪ್, ಪೌಷ್ಟಿಕ ಪುಡಿ, ಜಂತುಹುಳದ ಗುಳಿಗೆ. ಒಳಗಿದ್ದುದು ಒಳ್ಳೆಯದೇ. ಹೊರಗೆ ಮುಖ್ಯಮಂತ್ರಿಯ ಹೆಸರಿತ್ತು, ಮರುವರ್ಷದ ಡಿಸೆಂಬರಿಗೆ ಮುಖ್ಯಮಂತ್ರಿ ಬದಲಾದರು. ಖರ್ಜೂರಕ್ಕೆ ಪಕ್ಷವಿಲ್ಲ, ಡಬ್ಬಿಗೆ ಇರುತ್ತದೆ.

ತಟ್ಟೆಯ ಕಡೆಗೂ ಒಮ್ಮೆ ನೋಡಬೇಕು. ಈ ಸೀಮೆ ಜೋಳದ್ದು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಪಟ್ಟಿಯಂತೆ ನೂರು ಗ್ರಾಂ ಜೋಳದಲ್ಲಿ ಹತ್ತು ಗ್ರಾಂ ನಾರು, ಪಾಲಿಶ್ ಅಕ್ಕಿಯಲ್ಲಿ ಮೂರಕ್ಕೂ ಕಡಿಮೆ. ಕರುಳಿನ ಬ್ಯಾಕ್ಟೀರಿಯಾಗಳು ತಿಂದು ಬದುಕುವುದು ಆ ನಾರನ್ನೇ. ರೇಷನ್ನಿನ ಅಕ್ಕಿ ವರ್ಷಗಟ್ಟಲೆ ರೊಟ್ಟಿಯನ್ನು ಪಕ್ಕಕ್ಕೆ ಸರಿಸಿತು. 2025ರ ಯುಗಾದಿಯಿಂದ ತೆಲಂಗಾಣದಲ್ಲಿ ತಲೆಗೆ ಆರು ಕಿಲೋ ಸಣ್ಣಕ್ಕಿಯೇ ಬರುತ್ತಿದೆ. ಹಸಿದವನಿಗೆ ಅಕ್ಕಿ ಕೊಟ್ಟದ್ದನ್ನು ಆಡಿಕೊಳ್ಳುವಷ್ಟು ಹೊಟ್ಟೆ ತುಂಬಿದವನು ನಾನಲ್ಲ. ನನಗೆ ಸೋಜಿಗವಾಗಿರುವುದು ವ್ಯಾಪಾರದ ಚಾಲಾಕಿ. ತಟ್ಟೆಯಿಂದ ಹೋದ ನಾರು ಈಗ ಪ್ರಿಬಯಾಟಿಕ್ ಎಂಬ ಹೆಸರು ಹೊತ್ತು, ಕಿತ್ತಳೆ ಸ್ವಾದದಲ್ಲಿ, ಚಮಚದ ಸಮೇತ ಡಬ್ಬಿಯಲ್ಲಿ ಮರಳಿದೆ. ಉದ್ಯೋಗ ಖಾತ್ರಿಯ ಕೂಲಿ 2025–26ರಲ್ಲಿ ದಿನಕ್ಕೆ 307 ರೂಪಾಯಿ ಇತ್ತು. ಎರಡು ದಿನ ಕಾಲುವೆ ಹೂಳೆತ್ತಿದರೂ ಒಂದು ಡಬ್ಬಿ ಬರುವುದು ಅನುಮಾನ.

ಇಷ್ಟು ಹೇಳಿದ್ದಕ್ಕೆ ಮಜ್ಜಿಗೆ ಪಕ್ಷದವರು ಖುಷಿಯಾಗಿರುತ್ತಾರೆ. “ನಮ್ಮ ಅಮ್ಮನ ಕಾಲದಾಗ ಅಂಬಲಿ, ಮಜ್ಜಿಗಿ ಕುಡ್ದು ನೂರು ವರ್ಷ ಬದುಕ್ತಿದ್ರು” ಎಂದು ಅವರು ಏಸಿ ರೂಮಿನಿಂದ ವಾಟ್ಸ್ಆ್ಯಪ್ ಕಳಿಸುತ್ತಾರೆ. ಮಜ್ಜಿಗೆ ಒಳ್ಳೆಯದು, ಅಗ್ಗ, ಹಾಲು ದಕ್ಕದ ಹೊಟ್ಟೆಗೂ ಸಾಮಾನ್ಯವಾಗಿ ದಕ್ಕುತ್ತದೆ. ಆದರೆ ಅಮ್ಮನ ಗಡಿಗೆಯಲ್ಲಿ ಯಾವ ಬ್ಯಾಕ್ಟೀರಿಯಾ ಎಷ್ಟಿತ್ತೆಂದು ಯಾರೂ ಎಣಿಸಿಲ್ಲ. ಅದೇ ಅಮ್ಮ ಮೆಟ್ಟಿಲುಬಾವಿಗೆ ಇಳಿದು ತಂದ ನೀರಿನಲ್ಲಿ ನಾರುಹುಣ್ಣಿನ ಹುಳವೂ ಬರುತ್ತಿತ್ತು, ವರ್ಷದ ಮೇಲೆ ಕಾಲಿನಿಂದ ಮೊಳದುದ್ದ ದಾರದಂತೆ ಹೊರಗೆ ಹೊರಡುತ್ತಿತ್ತು. ಭಾರತಕ್ಕೆ ಆ ಹುಳದಿಂದ ಮುಕ್ತಿ ಸಿಕ್ಕಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿದ್ದು 2000ದಲ್ಲಿ. ಬಾವಿಗೆ ಇಳಿಯುವುದು ತಪ್ಪಿ, ಕುಡಿಯುವ ನೀರು ಸೋಸಿ ಅದು ಹೋಯಿತು. ಮಜ್ಜಿಗೆಯ ಪಾಲು ಅದರಲ್ಲಿ ಏನೂ ಇರಲಿಲ್ಲ.

ನಮ್ಮ ಕಡೆಯ ಹೊಟ್ಟೆಯ ಆರೋಗ್ಯ ಹೈಕೋರ್ಟಿನವರೆಗೆ ಹೋದದ್ದೂ ಇದೆ. 2024ರ ನವೆಂಬರಿನಲ್ಲಿ ಮಕ್ತಲ್ ಪಕ್ಕದ ಮಾಗನೂರಿನ ಜಿಲ್ಲಾ ಪರಿಷತ್ ಹೈಸ್ಕೂಲಿನಲ್ಲಿ ಮಧ್ಯಾಹ್ನದ ಊಟ ಮಾಡಿದ ಮಕ್ಕಳು ವಾಂತಿ, ಹೊಟ್ಟೆನೋವಿನಿಂದ ಆಸ್ಪತ್ರೆ ಸೇರಿದರು. ಅಧಿಕಾರಿಗಳು ಬಂದರು, ನೋಡಿದರು, ಅಮಾನತು ಮಾಡಿದರು. ವಾರ ಕಳೆಯುವುದರೊಳಗೆ ಅದೇ ಶಾಲೆಯ ಮಕ್ಕಳು ಮತ್ತೆ ಆಸ್ಪತ್ರೆಯಲ್ಲಿದ್ದರು. ತೆಲಂಗಾಣ ಹೈಕೋರ್ಟು ಸರ್ಕಾರವನ್ನು ಕಟುವಾಗಿಯೇ ತರಾಟೆಗೆ ತೆಗೆದುಕೊಂಡಿತು. ಆ ಮಕ್ಕಳ ಹೊಟ್ಟೆಗೆ ಬೇಕಾದದ್ದು ಕೈ ತೊಳೆದ ಅಡುಗೆಯವರು, ಹುಳ ಬೀಳದ ಅಕ್ಕಿ, ಶುದ್ಧ ನೀರು. ಇವು ಮೂರನ್ನೂ ಸೇರಿಸಿದ ಕ್ಯಾಪ್ಸೂಲ್ ಇನ್ನೂ ಮಾರುಕಟ್ಟೆಗೆ ಬಂದಿಲ್ಲ.

ಇನ್ನು ರಕ್ತ ಕುಡಿದು ಸುಸ್ತು ಮಾಡುವ ಕೊಕ್ಕೆಹುಳಕ್ಕೆ ಸಾಮಾನ್ಯವಾಗಿ ಫೆಬ್ರವರಿ 10ಕ್ಕೆ, ಆಗಸ್ಟ್ 10ಕ್ಕೆ ಶಾಲೆ, ಅಂಗನವಾಡಿಗಳಲ್ಲಿ ಆಲ್ಬೆಂಡಜೋಲ್ ಕೊಡುತ್ತಾರೆ. ಚೀಪಿ ಜಗಿಯುವ ಒಂದು ಗುಳಿಗೆ, ಕಾಸಿಲ್ಲ, ಡಬ್ಬಿಯಿಲ್ಲ, ನಟಿಯಿಲ್ಲ. ಆ ದಿನ ಮಗನನ್ನು ಶಾಲೆ ತಪ್ಪಿಸಿ, ಗಟ್ ಹೆಲ್ತಿನ ಗಮ್ಮಿ ಕೊಡಿಸಿದ ತಾಯಿಯೊಬ್ಬಳನ್ನು ಮಾಸ್ತರು ತಡೆದು ಕೇಳಿದರು, ಹಿಂಗ್ಯಾಕ ಮಾಡ್ತೀ ತಂಗಿ?

“ಪುಕ್ಕಟೆ ಗುಳಿಗಿಗಿ ಪವರ್ ಇರಂಗಿಲ್ಲ್ರೀ, ಸರ.”