ಸುಶೆಗಾದ್ ಕಂಪ್ಯೂಟರು

ವಾಸ್ಕೋದಲ್ಲಿ ನಮ್ಮ ಪಕ್ಕದ ಮನೆಯವರು ಗದಗಿನ ಕಡೆಯವರು. "ಆಂಟಿವೈರಸ್ ಹಾಕ್ಸೀರೇನ್ರಿ?" ಎಂದರೆ ಮೀಸೆಯಲ್ಲೇ ನಗುತ್ತಾರೆ. "ನಂದು ಲಿನಕ್ಸ್ ಐತ್ರಿ. ವೈರಸ್ ಈ ಓಣಿಗೇ ಬರೂದಿಲ್ಲ!"

ಗೋವಾದ ಗಾಳಿಯೇ ಹಾಗೆ, ಎಲ್ಲದಕ್ಕೂ ಸುಶೆಗಾದ್, ಅಂದರೆ ನಿರಾಳ. ಲಿನಕ್ಸಿನ ನಂಟೂ ಇಲ್ಲಿಗೆ ಹಳೆಯದು. 2000ರ ದಶಕದ ಆರಂಭದಲ್ಲೇ ಇಲ್ಲಿನ ಶಾಲೆಗಳಿಗೆ ಹಳೆಯ ಕಂಪ್ಯೂಟರುಗಳನ್ನು ಲಿನಕ್ಸ್ ತುಂಬಿ ಹಂಚಿದ್ದರು.

ಪಕ್ಕದ ಮನೆಯವರ ಅಳಿಯನದು ಮ್ಯಾಕ್, ಗತ್ತು ಇನ್ನೂ ಒಂದು ಕೈ ಮೇಲು. 1982ರಲ್ಲಿ 'ಎಲ್ಕ್ ಕ್ಲೋನರ್' ಎಂಬ ವೈರಸ್ ಫ್ಲಾಪಿ ಹತ್ತಿ ಊರೂರು ಸುತ್ತಿದ್ದು ಆಪಲ್ ಯಂತ್ರಗಳಲ್ಲೇ ಎಂದೆ. ನಂಬಲಿಲ್ಲ. 2012ರಲ್ಲಿ 'ಫ್ಲ್ಯಾಶ್‌ಬ್ಯಾಕ್' ಸುಮಾರು 6 ಲಕ್ಷ ಮ್ಯಾಕ್‌ಗಳಿಗೆ ಅಂಟಿತ್ತು ಎಂದೆ. ಚಹಾ ಆರುತ್ತಿದೆ ಎಂದ. ಲಿನಕ್ಸಿನ ದೊಡ್ಡಪ್ಪನಂತಿರುವ ಯುನಿಕ್ಸನ್ನು 1988ರಲ್ಲಿ 'ಮೋರಿಸ್ ವರ್ಮ್' ಎಂಬ ಹುಳು ಮಲಗಿಸಿದ ಕಥೆ ನನ್ನ ಬಾಯಲ್ಲೇ ಉಳಿಯಿತು.

ನ್ಯಾಯವಾಗಿ ಹೇಳಬೇಕೆಂದರೆ, ಅವರ ಧೈರ್ಯ ಪೂರ್ತಿ ಪೊಳ್ಳಲ್ಲ. ಲಿನಕ್ಸಿನಲ್ಲಿ ಹೊಸದೇನನ್ನಾದರೂ ಹಾಕಲು ಹೋದರೆ ಬಾಗಿಲಲ್ಲೇ ಪಾಸ್‌ವರ್ಡ್ ಕೇಳುತ್ತದೆ. ವಿಂಡೋಸಿಗೂ ಈಗ ಡಿಫೆಂಡರ್ ಎಂಬ ಕಾವಲುಗಾರ ಪುಕ್ಕಟೆ. ಆದರೆ "ಕೆವೈಸಿ ಮಾಡಿಸಿ" ಎಂಬ ಮೋಸದ ಲಿಂಕ್ ಒತ್ತುವ ಬೆರಳಿಗೆ ಯಾವ ಕಾವಲು?

ಕಳೆದ ವಾರ ಅವರು ಪೆನ್ ಡ್ರೈವ್ ಹಿಡಿದು ಝೆರಾಕ್ಸ್ ಅಂಗಡಿಗೆ ಹೋದರು. ಎಲ್ಲಿಂದಲೋ ಹತ್ತಿದ ವೈರಸ್ ಅವರ ಲಿನಕ್ಸಿನಲ್ಲಿ ಗಪ್‌ಚಿಪ್ ಕೂತಿತ್ತು. ಅಂಗಡಿಯ ಹಳೇ ವಿಂಡೋಸ್ ಮಾತ್ರ ಹಾಸಿಗೆ ಹಿಡಿಯಿತು.

"ನಂದಕ್ಕೇನೂ ಆಗಿಲ್ರಿ!" ಎಂದು ಇವರು ಇನ್ನೂ ಖುಷಿಯಲ್ಲಿದ್ದಾರೆ. ಅಂಗಡಿಯವ ಮಾತ್ರ ಇವರು ಬಂದರೆ ದೂರದಿಂದಲೇ ಕೂಗುತ್ತಾನೆ: "ವಾಟ್ಸಾಪ್ ಮಾಡ್ರೀ ಯಜಮಾನ್ರ, ಒಳಗ ಬರಬ್ಯಾಡ್ರಿ!"