ಗಾರ್ಡ್ ಕಾಕಾನ ನ್ಯಾರೋಗೇಜು

ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ 2003ರಿಂದ ಹುಬ್ಬಳ್ಳಿಯಲ್ಲಿದೆ. ಅದರ ಅಂಕೆಗೆ ಸಿಗದ ವಿಭಾಗವೊಂದು ಕಮರಿಪೇಟೆಯ ಅಟ್ಟದ ಮೇಲಿದೆ. ಅಲ್ಲಿ ಡಿಆರ್‌ಎಂ, ಡ್ರೈವರ್, ಗ್ಯಾಂಗ್‌ಮನ್ ಎಲ್ಲ ಒಬ್ಬರೇ: ರಿಟೈರಾದ ಗಾರ್ಡ್ ಕಾಕಾ. ರೈಲ್ವೆ ಊರಿನ ಓಣಿ ಓಣಿಗೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ಪೆನ್ಶನ್ ಶುರುವಾದರೂ ಡ್ಯೂಟಿ ಮುಗಿದಿರುವುದಿಲ್ಲ. ಮನೆಯಲ್ಲಿ ಚಹಾ ಕೂಡ 'ಲೇಟ್ ರನ್ನಿಂಗ್' ಆಗುತ್ತಿರುತ್ತದೆ.

ಕಾಕಾ ಕಟ್ಟಿದ್ದು ಚಿಕ್ಕಬಳ್ಳಾಪುರ, ಕೋಲಾರದ ಮೇಲೆ ಬಂಗಾರಪೇಟೆಗೆ ಹೋಗುತ್ತಿದ್ದ ಎರಡೂವರೆ ಅಡಿಯ ಹಳೆಯ ಲೈನಿನ ಪುಟ್ಟ ಮಾದರಿ. ಅಸಲಿ ಲೈನು ಈಗ ಬ್ರಾಡ್‌ಗೇಜು. "ಮೀಟರ್‌ಗೇಜ್ ಊರಾಗ ಹುಟ್ಟಿ ನ್ಯಾರೋಗೇಜ್ ಯಾಕ್ರೀ?" ಎಂದರೆ, "ಅಟ್ಟ ನೋಡೀಯಿಲ್ಲೋ? ಸಣ್ಣ ಗೇಜಾದ್ರ ಎಂಥಾ ಮೂಲ್ಯಾಗೂ ಹೊಳ್ಳತೈತಿ" ಎನ್ನುತ್ತಾರೆ. 87ರಲ್ಲಿ ಒಂದು ಪಾಲು ಅಳತೆ. ಹಳಿಯಿಂದ ಹಳಿಗೆ 9 ಮಿಲಿಮೀಟರ್.

ಸಾಮಗ್ರಿಯ ಮಂಜೂರಾತಿ ಮಾತ್ರ ಅಡಿಗೆಮನೆಯಿಂದಲೇ ಬರಬೇಕು. ಮೊದಲ ಸಲ ಜಲ್ಲಿಯ ಬದಲು ಗಸಗಸೆ ಸುರಿದರು. ಬೆಳಗಾಗುವುದರೊಳಗೆ ಇರುವೆಗಳು ನಂದಿಯಿಂದ ಚಿಕ್ಕಬಳ್ಳಾಪುರದವರೆಗೆ ಜಲ್ಲಿ ಹೊತ್ತೊಯ್ದಿದ್ದವು. ಆಮೇಲೆ ಕಾಕೂನ ರವೆ ಜರಡಿ ಅಟ್ಟ ಹತ್ತಿತು. ಅದರಲ್ಲಿ ಸೋಸಿದ ಮರಳು ಹರಡಿ, ನೀರು ಬೆರೆಸಿದ ಫೆವಿಕಾಲಿಗೆ ಹನಿ ಸೋಪು ಸೇರಿಸಿ, ಸಿರಿಂಜಿನಿಂದ ಹಳಿಗುಂಟ ತೊಟ್ಟಿಕ್ಕಿಸಿದರು. ಜರಡಿ ಇನ್ನೂ ಇಳಿದಿಲ್ಲ. ಕಾಕೂ ಉಪ್ಪಿಟ್ಟು ನಿಲ್ಲಿಸಿ ಮುಷ್ಕರ ಹೂಡಿದ್ದಾರೆ.

ಗಾಡಿ ಬಿಡುವ ಹೊತ್ತಿಗೆ ಓಣಿಯ ಹುಡುಗರೆಲ್ಲ ಹಾಜರು. ಕಾಕಾ ಹಸಿರು ಬಾವುಟ ಬೀಸಿ, ಸೀಟಿ ಊದಿ, ಓಡಿಬಂದು 12 ವೋಲ್ಟಿನ ಗುಂಡಿ ತಿರುಗಿಸುತ್ತಾರೆ. ಥರ್ಮಾಕೋಲಿನ ನಂದಿಬೆಟ್ಟದ ಬುಡಕ್ಕೆ ಬರುತ್ತಲೇ ಎಂಜಿನ್ ಗಪ್! ಹಳಿಯ ಮೇಲೆ ಧೂಳು ಕೂತರೆ ಕರೆಂಟು ಹರಿಯುವುದಿಲ್ಲ. ಕಾಕಾ ಹಿಂದಿನಿಂದ ಮೆಲ್ಲಗೆ ಬೆರಳು ಹಚ್ಚುತ್ತಾರೆ. ಹುಡುಗರು ನಕ್ಕರೆ, "ಬೆರಳಲ್ಲೋ, ಬ್ಯಾಂಕರ್ ಎಂಜಿನ್! ಕುಳೆಂನಿಂದ ಕ್ಯಾಸಲ್‌ರಾಕ್ ಏರಾಗ ಹಿಂದ ಹಚ್ಚತಾರಲ್ಲ, ಅದು!"

ಮೊನ್ನೆ ಒಬ್ಬ ಹುಡುಗ, "ಜಗತ್ತಿನಾಗ ಉದ್ದಂದು ನಮ್ಮೂರ ಪ್ಲಾಟ್‌ಫಾರ್ಮು. ಅದ ಇಲ್ಲಲ್ರೀ?" ಎಂದುಬಿಟ್ಟ. ಕಾಕಾ ಪೆನ್ಸಿಲ್ ತೆಗೆದರು. 1,507 ಮೀಟರನ್ನು 87ರಿಂದ ಭಾಗಿಸಿದರೆ ಸುಮಾರು 57 ಅಡಿ. ಅಟ್ಟ ಇರುವುದೇ 14 ಅಡಿ. ಅಂದಿನಿಂದ ಟೇಪು ಹಿಡಿದು ನಮ್ಮ ನಡುಗೋಡೆ ಬಡಿದು ನೋಡುತ್ತಿದ್ದಾರೆ. ನಮ್ಮ ಪಡಸಾಲೆಗೆ ಭೂಸ್ವಾಧೀನದ ನೋಟಿಸು ಬರುವುದೊಂದು ಬಾಕಿ.